ಶ್ವೈಟ್ಜರ್ ಅವರ ಕಾಡಿನ ಪಿಯಾನೋ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗೆಳೆಯರು ಫೋನು ಮಾಡಿದರು. ಶಾಲೆಯ ಕಟ್ಟಡ ಎದ್ದ ಕಥೆ, ಮೊದಲ ಬ್ಯಾಚಿನ ಫಲಿತಾಂಶ, ಕಬಡ್ಡಿ ತಂಡದ ಸಾಹಸ ಇವನ್ನೆಲ್ಲ ಬರೆಯಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ಈ ಶಾಲೆಯ ಕೊಠಡಿಯೊಂದರಲ್ಲಿ ಕೂತು ನಾನು ಮೊದಲ ಸಲ ಹೆಸರು ಕೇಳಿದ ಒಬ್ಬ ದೊಡ್ಡವರ ಜೀವನವನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ.

1975ರ ಜನವರಿ. ನಾನಾಗ ಒಂಬತ್ತನೇ ತರಗತಿ. ನಮ್ಮ ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಸಂಕ್ರಾಂತಿಯ ಹಿಂದಿನ ದಿನ ಪಾಠ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. ಗೌರಿಬಿದನೂರು ಕಡೆಯಿಂದ ವರ್ಗವಾಗಿ ಬಂದಿದ್ದ ನಮ್ಮ ಇಂಗ್ಲಿಷ್ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, ನಾಳೆಗೆ ಸರಿಯಾಗಿ ನೂರು ವರ್ಷದ ಹಿಂದೆ ಹುಟ್ಟಿದ ಒಬ್ಬರ ಕಥೆ ಹೇಳುತ್ತೇನೆಂದು ಶುರು ಮಾಡಿದರು. ಆಫ್ರಿಕಾದ ಕಾಡಿನಲ್ಲಿ ಆಸ್ಪತ್ರೆ ಕಟ್ಟಿದ ಡಾಕ್ಟರು ಎಂದಷ್ಟೇ ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆ ಡಾಕ್ಟರು ರಾತ್ರಿ ಹೊತ್ತು ಪಿಯಾನೋ ನುಡಿಸುತ್ತಿದ್ದರು ಎಂಬ ಮಾತು ನನ್ನನ್ನು ಹಿಡಿಯಿತು. ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವ ಹುಡುಗ ನಾನೇ ಆಗಿದ್ದೆ.

ಆಲ್ಬರ್ಟ್ ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಅಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗ್ ಎಂಬ ಊರಿನಲ್ಲಿ. ಅಲ್ಸೇಸ್ ಎಂದರೆ ಫ್ರಾನ್ಸು ಜರ್ಮನಿಗಳ ಗಡಿನಾಡು. ಆಗ ಅದು ಜರ್ಮನಿಯ ಕೈಯಲ್ಲಿತ್ತು. ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ಪಾದ್ರಿ. ಮಗು ಹುಟ್ಟಿದ ಕೆಲವೇ ತಿಂಗಳಿಗೆ ಸಂಸಾರ ಗುನ್ಸ್‌ಬಾಖ್ ಎಂಬ ಹಳ್ಳಿಗೆ ಬಂತು. ಐದನೆಯ ವಯಸ್ಸಿನಲ್ಲಿ ತಂದೆಯೇ ಮನೆಯ ಹಳೆಯ ಪಿಯಾನೋದ ಮೇಲೆ ಪಾಠ ಶುರು ಮಾಡಿದರು. ಎಂಟನೆಯ ವಯಸ್ಸಿನಲ್ಲಿ, ಕಾಲು ನೆಟ್ಟಗೆ ನಿಲುಕದಿದ್ದಾಗಲೇ, ಹುಡುಗ ಚರ್ಚಿನ ಆರ್ಗನ್ ಮುಂದೆ ಕೂತ. ಒಂಬತ್ತಕ್ಕೆ, ಊರಿನ ಆರ್ಗನ್ ವಾದಕರು ಬಾರದ ದಿನ, ಪೂಜೆಯ ಹೊತ್ತಿಗೆ ತಾನೇ ನುಡಿಸಿದ.

ಆರ್ಗನ್ ಅಂದರೆ ಏನೆಂದು ನಮ್ಮ ಮೇಷ್ಟ್ರು ಮೇಜಿನ ಮೇಲೆ ಸೀಮೆಸುಣ್ಣದಲ್ಲೇ ಬರೆದು ತೋರಿಸಿದ್ದರು. ಅದನ್ನು ಹಾರ್ಮೋನಿಯಂನ ಮುತ್ತಜ್ಜ ಎನ್ನಬಹುದು. ಗಾಳಿಯಿಂದಲೇ ನುಡಿಯುವುದು, ಆದರೆ ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ, ಕೆಲವು ಕೊಳವೆ ಆಳೆತ್ತರಕ್ಕಿಂತಲೂ ಉದ್ದ. ಕೈಗೆ ಎರಡು ಮೂರು ಸಾಲು ಮನೆಗಳು, ಕೆಳಗೆ ಕಾಲಿಗೂ ಒಂದು ಸಾಲು. ಮನೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಹಾಗೇ ನಿಂತಿರುತ್ತದೆ. ಪಿಯಾನೋ ಹಾಗಲ್ಲ. ಅದರಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ, ಬಡಿದ ಕ್ಷಣದಿಂದಲೇ ನಾದ ಕುಂದತೊಡಗುತ್ತದೆ. ಈ ಒಂದು ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಹೈಸ್ಕೂಲಿಗೆ ಶ್ವೈಟ್ಜರ್ ಮುಲ್‌ಹೌಸ್ ಪಟ್ಟಣದ ನೆಂಟರ ಮನೆಯಲ್ಲಿ ಉಳಿದರು. ಅಲ್ಲಿ ಸಿಕ್ಕ ಸಂಗೀತದ ಗುರು ಯೂಜೀನ್ ಮಂಚ್. ಹುಡುಗ ಭಾವವಿಲ್ಲದೆ ನುಡಿಸುತ್ತಾನೆಂದು ಆ ಗುರುಗಳು ಬೇಸತ್ತಿದ್ದರಂತೆ. ಹುಡುಗನಿಗೆ ಭಾವವಿರಲಿಲ್ಲವೆಂದಲ್ಲ, ಅದನ್ನು ಇನ್ನೊಬ್ಬರೆದುರು ತೋರಿಸಲು ನಾಚಿಕೆ. ಒಂದು ದಿನ ಗುರು ಬೈದು ಕಳಿಸಿದ ಮೇಲೆ ಮೆಂಡೆಲ್ಸನ್‌ನ ಒಂದು ಪುಟ್ಟ ರಚನೆಯನ್ನು ಮನಸ್ಸಿಟ್ಟು ಅಭ್ಯಾಸ ಮಾಡಿಕೊಂಡು ಹೋಗಿ ನುಡಿಸಿದ. ಅಂದಿನಿಂದ ಗುರು ಶಿಷ್ಯರ ನಂಟೇ ಬೇರೆಯಾಯಿತು. 1898ರಲ್ಲಿ ಮಂಚ್ ಟೈಫಾಯಿಡ್‌ನಿಂದ ತೀರಿಕೊಂಡಾಗ ಶಿಷ್ಯ ಅವರ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಬರೆದ. ಶ್ವೈಟ್ಜರ್ ಅವರ ಬರಹಗಳಲ್ಲಿ ಮೊದಲು ಅಚ್ಚಾದದ್ದು ಅದೇ, ಗುರುವಿನ ನೆನಪು.

1893ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಪ್ಯಾರಿಸ್ಸಿನ ಪ್ರಸಿದ್ಧ ಆರ್ಗನ್ ವಾದಕ ವಿಡೋರ್ ಅವರ ಮುಂದೆ ನುಡಿಸಿ ಅವರ ಶಿಷ್ಯರಾದರು. ಕೆಲವು ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲೇ ಪಿಯಾನೋ ಕಲಿಯಲು ಏಕಕಾಲಕ್ಕೆ ಇಬ್ಬರ ಬಳಿ ಹೋದರು. ಒಬ್ಬರು ಇಸಿಡೋರ್ ಫಿಲಿಪ್, ಇನ್ನೊಬ್ಬರು ಲಿಸ್ಟ್‌ನ ಶಿಷ್ಯೆ ಮಾರಿ ಯಾಯೆಲ್. ಆ ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಹಾಗಾಗಿ ಒಬ್ಬರಲ್ಲಿ ಕಲಿಯುತ್ತಿರುವುದು ಇನ್ನೊಬ್ಬರಿಗೆ ತಿಳಿಯದಂತೆ ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ ಎಂದು ಓಡಾಡಿದರಂತೆ. ಮಹಾಪುರುಷರ ಜೀವನದಲ್ಲಿ ಇಂಥ ಸಣ್ಣ ಕಳ್ಳತನಗಳು ಸಿಕ್ಕಿದರೆ ನನಗೇನೋ ಸಮಾಧಾನ.

ಇದೇ ವೇಳೆಗೆ ಅವರು ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಸ್ಟ್ರಾಸ್‌ಬರ್ಗ್‌ನಲ್ಲಿ ಪಾದ್ರಿಯಾದರು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅದನ್ನೆಲ್ಲ ಬಿಟ್ಟು ನಾನು ಬಾಖ್ ವಿಷಯಕ್ಕೆ ಬರುತ್ತೇನೆ. ಜೊಹಾನ್ ಸೆಬಾಸ್ಟಿಯನ್ ಬಾಖ್ 1750ರಲ್ಲಿ ತೀರಿಕೊಂಡ ಜರ್ಮನ್ ವಾಗ್ಗೇಯಕಾರ, ಆರ್ಗನ್ನಿಗಾಗಿ ಆತ ಬರೆದದ್ದು ರಾಶಿ. ಅದರಲ್ಲಿ ಬಹಳಷ್ಟು ರಚನೆಗಳು ಚರ್ಚಿನಲ್ಲಿ ಜನರೆಲ್ಲ ಸೇರಿ ಹಾಡುವ ಸ್ತುತಿಗೀತೆಗಳ ಧಾಟಿಯ ಮೇಲೆ ನಿಂತವು. ಫ್ರೆಂಚರಾದ ವಿಡೋರ್ ಅವರಿಗೆ ಈ ರಚನೆಗಳ ಕೆಲವು ತಿರುವುಗಳು ಏಕೆ ಹಾಗಿವೆಯೆಂದು ಬಗೆಹರಿದಿರಲಿಲ್ಲ. ಆ ಗೀತೆಗಳ ಜರ್ಮನ್ ಸಾಹಿತ್ಯವನ್ನು ಬಲ್ಲ ಶಿಷ್ಯ, ಪದಗಳ ಅರ್ಥ ಹೇಳಿ ಬಿಡಿಸಿ ತೋರಿಸಿದರು. ಸಾಹಿತ್ಯ ತಿಳಿಯದೆ ಕೀರ್ತನೆಯನ್ನು ಕೊಳಲಲ್ಲಿ ನುಡಿಸುವವರಿಗೆ ಒಬ್ಬರು ಕೂತು ಅರ್ಥ ಹೇಳಿದ ಹಾಗೆ. ಇದರ ಮೇಲೊಂದು ಪ್ರಬಂಧ ಬರೆಯೆಂದು ಗುರುಗಳು ಹೇಳಿದ್ದು 1905ರಲ್ಲಿ 455 ಪುಟಗಳ ಫ್ರೆಂಚ್ ಪುಸ್ತಕವಾಗಿ ಬಂತು. 1908ರಲ್ಲಿ ಜರ್ಮನ್ ಭಾಷೆಯಲ್ಲಿ ಹೊಸದಾಗಿ ಬರೆದಾಗ ಅದು 844 ಪುಟಕ್ಕೆ ಬೆಳೆಯಿತು.

ಬಾಖ್‌ನನ್ನು ಯಾವ ಕಾಲಪ್ರಮಾಣದಲ್ಲಿ ನುಡಿಸಬೇಕು ಎಂಬ ಪ್ರಶ್ನೆಯನ್ನು ಶ್ವೈಟ್ಜರ್ ಜೀವನವಿಡೀ ಹಿಡಿದುಕೊಂಡೇ ಇದ್ದರು. ಬಾಖ್ ತನ್ನ ಆರ್ಗನ್ ರಚನೆಗಳ ಮೇಲೆ ವೇಗದ ಸೂಚನೆ ಬರೆದದ್ದು ತೀರಾ ಕಡಿಮೆ. ತಾಳ ಎಣಿಸುವ ಮೆಟ್ರೊನೋಮ್ ಯಂತ್ರಕ್ಕೆ ಪೇಟೆಂಟ್ ಸಿಕ್ಕಿದ್ದೇ 1815ರಲ್ಲಿ. ಆದ್ದರಿಂದ ನಿಮಿಷಕ್ಕೆ ಇಷ್ಟು ಎಂಬ ಅಂಕಿ ಅಲ್ಲಿ ಸಿಗುವುದಿಲ್ಲ. ಹೆಚ್ಚಿನವರು ಬಾಖ್‌ನನ್ನು ಓಡಿಸುತ್ತಾರೆ ಎಂಬುದು ಶ್ವೈಟ್ಜರ್ ಅವರ ದೂರು. ಆ ಸಂಗೀತದಲ್ಲಿ ಮೂರು ನಾಲ್ಕು ಎಳೆಗಳು ಒಟ್ಟೊಟ್ಟಿಗೆ ಸಾಗುತ್ತವೆ. ಕೇಳುವವರ ಕಿವಿ ಒಂದೊಂದು ಎಳೆಯನ್ನೂ ಹಿಂಬಾಲಿಸಬೇಕು. ವೇಗ ಅದಕ್ಕಿಂತ ಹೆಚ್ಚಾದರೆ ಬೆರಳಿನ ಚಮತ್ಕಾರ ಉಳಿಯುತ್ತದೆ, ಎಳೆಗಳು ಗೋಜಲಾಗುತ್ತವೆ. ಬಾಖ್‌ನ ಕಾಲದ ಆರ್ಗನ್‌ಗಳ ಮನೆಗಳು ಬಲು ಬಿಗಿ, ಆಳಕ್ಕೆ ಒತ್ತಬೇಕಿತ್ತು, ಅವುಗಳ ಮೇಲೆ ಮಧ್ಯಮ ವೇಗ ಸಾಧಿಸುವುದೇ ಒಂದು ಸಾಹಸವಾಗಿತ್ತು ಎಂದೂ ಅವರು ತೋರಿಸಿದರು. ರಚನೆಗೆ ಜೀವ ಬರುವುದು ಓಟದಿಂದಲ್ಲ, ಎಲ್ಲಿ ಸೇರಿಸಿ ಎಲ್ಲಿ ಬಿಡಿಸಿ ನುಡಿಸುತ್ತೇವೆ ಎಂಬುದರಿಂದ ಎಂಬುದು ಅವರ ಪಾಠ.

ನಮ್ಮ ಮನೆಯಲ್ಲಿ ಅಪ್ಪ ಚರಕದ ಮೇಲೆ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಹಲವು ಗೂಡುಗಳ ಎಳೆ ಸೇರಿ ಒಂದು ನೂಲು. ಚರಕ ಜೋರಾಗಿ ತಿರುಗಿಸಿದರೆ ಯಾವುದೋ ಒಂದು ಎಳೆ ಸದ್ದಿಲ್ಲದೆ ಕಡಿದುಹೋಗುತ್ತದೆ, ನೂಲು ಮಾತ್ರ ಬರುತ್ತಲೇ ಇರುತ್ತದೆ. ಮೇಷ್ಟ್ರು ಬಾಖ್ ಬಗ್ಗೆ ಹೇಳಿದಾಗ ನನಗೆ ಕಣ್ಣೆದುರು ಬಂದದ್ದು ಆ ಬಾಣಲೆ.

ಇಷ್ಟು ಹೆಸರು ಮಾಡಿದ ಮನುಷ್ಯ 1896ರಲ್ಲೇ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೂವತ್ತರವರೆಗೆ ವಿದ್ಯೆ ಸಂಗೀತಗಳಿಗೆ, ಆಮೇಲೆ ಜನರ ಸೇವೆಗೆ ಎಂದು ಒಳಗೊಳಗೇ ನಿಶ್ಚಯಿಸಿಬಿಟ್ಟಿದ್ದರು. 1905ರ ಅಕ್ಟೋಬರ್ 13ರಂದು ಪ್ಯಾರಿಸ್ಸಿನ ಅಂಚೆಪೆಟ್ಟಿಗೆಗೆ ಕೆಲವು ಕಾಗದ ಹಾಕಿದರು. ತಾನು ವೈದ್ಯಕೀಯ ವಿದ್ಯಾರ್ಥಿಯಾಗುತ್ತೇನೆ, ಮುಗಿಸಿ ಆಫ್ರಿಕಾಕ್ಕೆ ಹೋಗುತ್ತೇನೆ ಎಂದು. ಬಂಧುಗಳೂ ಸ್ನೇಹಿತರೂ ಹೌಹಾರಿದರು. ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಬೆಂಚಿನ ಮೇಲೆ ಕೂತು ಅಂಗರಚನೆ ಓದಿದರು. ಕೊನೆಯ ಪರೀಕ್ಷೆಯ ಶುಲ್ಕವನ್ನು 1911ರಲ್ಲಿ ಮ್ಯೂನಿಕ್‌ನಲ್ಲಿ ಆರ್ಗನ್ ನುಡಿಸಿದ ಸಂಭಾವನೆಯಿಂದ ಕಟ್ಟಿದರು. 1912ರಲ್ಲಿ ಹೆಲೆನ್ ಬ್ರೆಸ್ಲಾವ್ ಅವರನ್ನು ಮದುವೆಯಾದರು. ಆಕೆ ಗಂಡನಿಗೆ ನೆರವಾಗಲೆಂದೇ ದಾದಿಯ ತರಬೇತಿ ಪಡೆದಿದ್ದರು. 1913ರ ಏಪ್ರಿಲ್‌ನಲ್ಲಿ ದಂಪತಿಗಳು ಸಮಭಾಜಕ ವೃತ್ತದ ಹತ್ತಿರ ಓಗೊವೆ ನದಿಯ ದಡದ ಲಾಂಬರೇನೆ ತಲುಪಿದರು. ಇಂದು ಅದು ಗ್ಯಾಬನ್ ದೇಶ. ಮೊದಲ ಚಿಕಿತ್ಸಾಲಯ ಒಂದು ಹಳೆಯ ಕೋಳಿಗೂಡು.

ಈಗ ಆ ಪಿಯಾನೋ. ಪ್ಯಾರಿಸ್ಸಿನ ಬಾಖ್ ಸಂಘದ ಕಛೇರಿಗಳಿಗೆ ಶ್ವೈಟ್ಜರ್ ಹಲವು ವರ್ಷ ಆರ್ಗನ್ ನುಡಿಸಿದ್ದರು. ಅವರು ಹೊರಟಾಗ ಸಂಘದವರು ಒಂದು ವಿಶೇಷ ಪಿಯಾನೋ ಕಾಣಿಕೆ ಕೊಟ್ಟರು. ಉಷ್ಣದೇಶದ ತೇವಕ್ಕೆ ತಡೆಯುವಂತೆ ಮಾಡಿಸಿದ್ದು, ಆರ್ಗನ್ನಿನಂತೆ ಕಾಲಿಗೂ ಒಂದು ಸಾಲು ಮನೆ ಇಟ್ಟದ್ದು. ಸತುವಿನ ಹಾಳೆ ಹೊದಿಸಿದ ಪೆಟ್ಟಿಗೆಯಲ್ಲಿ ಹಡಗು ಹತ್ತಿ, ಕೊನೆಗೆ ಒಂದೇ ಮರ ಕೊರೆದು ಮಾಡಿದ ಭಾರಿ ದೋಣಿಯಲ್ಲಿ ನದಿ ದಾಟಿ ಅದು ಬಂತು.

ಬಂದರೂ ಮೊದಲಿಗೆ ಅವರಿಗೆ ಮುಟ್ಟುವ ಮನಸ್ಸಾಗಲಿಲ್ಲ. ಕಾಡಿಗೆ ಬಂದದ್ದೆಂದರೆ ಸಂಗೀತಗಾರನ ಬದುಕು ಮುಗಿಯಿತೆಂದೇ ಲೆಕ್ಕ, ಬೆರಳು ಕಾಲುಗಳು ತುಕ್ಕು ಹಿಡಿಯಲಿ, ಬಿಟ್ಟುಬಿಡುವುದೇ ಮೇಲು ಎಂದುಕೊಂಡಿದ್ದರು. ಒಂದು ಸಂಜೆ ಮನಸ್ಸು ಭಾರವಾಗಿ ಬಾಖ್‌ನ ಒಂದು ಆರ್ಗನ್ ಫ್ಯೂಗ್ ನುಡಿಸುತ್ತ ಕೂತಿದ್ದಾಗ ತಲೆಯಲ್ಲಿ ಬೇರೆಯದೇ ವಿಚಾರ ಹೊಳೆಯಿತು. ಇಲ್ಲಿ ಕಛೇರಿಯ ತಾರೀಖಿಲ್ಲ, ಸಭೆಯಿಲ್ಲ. ಒಂದೊಂದೇ ರಚನೆಯನ್ನು ಎತ್ತಿಕೊಂಡು, ವಾರವಾಗಲಿ ತಿಂಗಳಾಗಲಿ, ಅತಿ ಸಣ್ಣ ಸಂಗತಿಯವರೆಗೂ ಅರೆದು ಬಾಯಿಪಾಠ ಮಾಡಬಹುದಲ್ಲ! ಬಾಖ್, ಮೆಂಡೆಲ್ಸನ್, ಸೆಸಾರ್ ಫ್ರಾಂಕ್, ರೇಗರ್, ಗುರು ವಿಡೋರ್, ಹೀಗೆ ಸರದಿ ಹಾಕಿಕೊಂಡರು. ದಿನಕ್ಕೆ ಸಿಗುತ್ತಿದ್ದುದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಇದ್ದೀತು, ಆತುರ ಮಾತ್ರ ಇರಲಿಲ್ಲ.

ಇದನ್ನು ಕೇಳಿದ ಹದಿಮೂರೇ ದಿನಕ್ಕೆ ಗಣರಾಜ್ಯೋತ್ಸವ. ನನ್ನ ಪಾಲಿಗೆ ಅದು ಮರೆಯಲಾಗದ ದಿನ. ಶಾಲೆಯ ಹಾರ್ಮೋನಿಯಂ ಮನೆಗೆ ಒಯ್ಯುವಂತಿರಲಿಲ್ಲ. ಚಿಂತಾಮಣಿಯಲ್ಲಿ ಅಪ್ಪ ಕೊಡಿಸಿದ್ದ ಬುಲ್‌ಬುಲ್ ತರಂಗದ ಮೇಲೆ ನಾನು ಅಭ್ಯಾಸ ಮಾಡುತ್ತಿದ್ದೆ. ಬುಲ್‌ಬುಲ್‌ನಲ್ಲಿ ಮೀಟಿದ ಸ್ವರ ಟಿಂಗ್ ಎಂದು ಸತ್ತುಹೋಗುತ್ತದೆ, ಪ್ರಾರ್ಥನೆಯ ದೀರ್ಘ ಸ್ವರಗಳ ನಡುವೆ ಹಳ್ಳ ಬೀಳುತ್ತದೆ. ಹಳ್ಳ ಕಾಣದಿರಲೆಂದು ನನಗರಿವಿಲ್ಲದೆಯೇ ಬೇಗಬೇಗ ನುಡಿಸುವುದು ರೂಢಿಯಾಗಿತ್ತು. ಅತಿಥಿಗಳೆದುರು ಅದೇ ವೇಗವನ್ನು ಹಾರ್ಮೋನಿಯಂ ಮೇಲೆ ತಂದಿಟ್ಟೆ. ಬೆರಳು ಓಡುತ್ತಿರುವುದು ನನಗೆ ಹೆಮ್ಮೆಯಾಗಿಯೂ ಕಂಡಿತು. ಎರಡನೆಯ ಸಾಲಿಗೆ ಐದಾರು ಹುಡುಗಿಯರು ಉಸಿರು ಸಾಲದೆ ನಿಲ್ಲಿಸಿದರು, ಹುಡುಗರು ಪದ ನುಂಗಿದರು, ಕೊನೆಗೆ ನಾನೊಬ್ಬನೇ ನುಡಿಸುತ್ತಿದ್ದೆ. ಯಾರೂ ಬೈಯಲಿಲ್ಲ. ಸಂಜೆ ಇಂಗ್ಲಿಷ್ ಮೇಷ್ಟ್ರು ಕರೆದು, ಆ ಡಾಕ್ಟರೂ ತಂತಿಯ ಪಿಯಾನೋ ಮೇಲೆ ಕಲಿತೇ ಗಾಳಿಯ ಆರ್ಗನ್ ನುಡಿಸಿದರಲ್ಲ, ಅವರಿಗೆ ಹೀಗೇಕೆ ಆಗಲಿಲ್ಲ, ಯೋಚಿಸು ಎಂದಷ್ಟೇ ಹೇಳಿ ಕಳಿಸಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಅವರ ಆತ್ಮಕಥೆಯನ್ನು ಮೂರು ಸಲ ಓದಿದ್ದೇನೆ.

ಉತ್ತರ ಒಂದು ಭಾಗ ಸಿಕ್ಕಿದ್ದು ಅವರ ಸೆರೆವಾಸದ ಪ್ರಸಂಗದಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಫ್ರೆಂಚ್ ವಸಾಹತಿನಲ್ಲಿದ್ದ ಈ ದಂಪತಿಗಳು ಜರ್ಮನ್ ಪ್ರಜೆಗಳೆಂದು ಕಾವಲಿಗೆ ಒಳಗಾದರು. 1917ರಲ್ಲಿ ಫ್ರಾನ್ಸಿನ ಶಿಬಿರಕ್ಕೆ ಒಯ್ದರು. ಅಲ್ಲಿ ವಾದ್ಯವೇ ಇಲ್ಲ. ಅವರು ಮೇಜನ್ನೇ ಕೈಮನೆ, ನೆಲವನ್ನೇ ಕಾಲುಮನೆ ಮಾಡಿಕೊಂಡು ಆರ್ಗನ್ ಅಭ್ಯಾಸ ಮುಂದುವರಿಸಿದರು. ಮೇಜಿಗೆ ನಾದವೇ ಇಲ್ಲವಾದ್ದರಿಂದ ಅದು ಬೇಗ ಸಾಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ವೇಗ ನಿಶ್ಚಯವಾಗಬೇಕಾದದ್ದು ಒಳಗಿನ ಕಿವಿಯಲ್ಲಿ. ನಾನು ಬುಲ್‌ಬುಲ್ ಹೇಳಿದಂತೆ ಕೇಳಿದ್ದೆ, ಅವರು ಎಳೆಗಳು ಹೇಳಿದಂತೆ ಕೇಳಿದ್ದರು. ಇದು ನನ್ನ ಊಹೆ, ಅವರು ಹೀಗೆಂದು ಬರೆದಿಲ್ಲ.

ಇನ್ನೊಂದು ಭಾಗ ತಿಳಿದದ್ದು ಬಹಳ ತಡವಾಗಿ, ನಾನು ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದು ಮಗಳು ಪಿಯಾನೋ ಕಲಿಯುವಾಗ. ಆರ್ಗನ್ ರಚನೆಗಳನ್ನು ಪಿಯಾನೋಗೆ ಇಳಿಸುವ ಪದ್ಧತಿ ಹಳೆಯದು. ಲಿಸ್ಟ್ ಮಾಡಿದ್ದಾನೆ, ಇಟಲಿಯ ಬುಸೋನಿ ಮಾಡಿದ್ದಾನೆ. ಮಗಳಿಗೆ ಬುಸೋನಿ ಇಳಿಸಿದ ಬಾಖ್‌ನ ಒಂದು ಪುಟ್ಟ ಸ್ತುತಿಗೀತೆ ಪಾಠವಾಗಿತ್ತು. ಮೇಲೆ ಧಾಟಿ, ನಡುವೆ ಹರಿಯುವ ಸಣ್ಣ ಸ್ವರಗಳು, ಕೆಳಗೆ ಹೆಜ್ಜೆ ಹಾಕುವ ಮಂದ್ರ. ಆರ್ಗನ್ ಧ್ವನಿಮುದ್ರಣ ಕೇಳಿ ಅದೇ ನಿಧಾನದಲ್ಲಿ ನುಡಿಸಿದಳು. ಮೇಲಿನ ಸ್ವರ ಮುಂದಿನ ಸ್ವರಕ್ಕೆ ಕೈಕೊಡುವ ಮೊದಲೇ ಕುಂದಿಹೋಯಿತು. ಬೇಸತ್ತು ವೇಗ ಹೆಚ್ಚಿಸಿದಳು, ನಡುವಿನ ಎಳೆ ಗಿಜಿಗುಟ್ಟಿತು. ಎರಡು ವಾರ ಹೀಗೇ ಹೋಯಿತು. ಕಲಿಸುವ ಟೀಚರು ವೇಗದ ಮಾತೇ ಎತ್ತದೆ, ಮೊದಲು ಮೇಲಿನ ಧಾಟಿಯನ್ನು ಬಾಯಲ್ಲಿ ಹಾಡು ಎಂದರು. ಒಂದು ಸಾಲು ಒಂದು ಉಸಿರಿಗೆ ಬರಬೇಕು. ಹಾಡಿದಾಗ ಬಂದ ನಡೆಯಲ್ಲೇ ನುಡಿಸಿದಳು, ಆರ್ಗನ್ನಿಗಿಂತ ಒಂದಿಷ್ಟು ಚುರುಕು. ನಡುವಿನ ಸ್ವರಗಳನ್ನು ತೀರ ಮೆಲ್ಲಗೆ, ಮೇಲಿನದನ್ನು ಒತ್ತಿ ನುಡಿಸಿದ ಮೇಲೆ ಧಾಟಿ ಹರಿಯಿತು. ವೇಗದ ತೊಂದರೆಯೆಂದು ನಾವು ತಿಳಿದದ್ದರಲ್ಲಿ ಅರ್ಧ ಒತ್ತಿನ ತೊಂದರೆಯಾಗಿತ್ತು.

ಕೋಣೆಯ ಮಾತೂ ಇದೆ. ಕಲ್ಲಿನ ದೊಡ್ಡ ಚರ್ಚಿನಲ್ಲಿ ಒಂದು ಸ್ವರ ಕೆಲವು ಸೆಕೆಂಡು ಸುತ್ತಾಡುತ್ತದೆ, ಬೇಗ ನುಡಿಸಿದರೆ ಹಿಂದಿನದು ಮುಂದಿನದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಪಿಯಾನೋ ಇರುವ ಮನೆಯ ಕೋಣೆಯಲ್ಲಿ ಆ ಕಟ್ಟು ಇಲ್ಲ. ನಂದಿಯ ಭೋಗನಂದೀಶ್ವರನ ಗುಡಿಯಲ್ಲಿ ಶಿವರಾತ್ರಿಗೆ ನಾಗಸ್ವರ ಕೇಳಿದವರಿಗೆ ಇದು ಗೊತ್ತು. ಕಲ್ಲುಕಂಬದ ಮಂಟಪದೊಳಗೆ ನಿಧಾನವಾಗಿ ಎಳೆದ ಆಲಾಪನೆಯೇ, ಹೊರಗೆ ತೇರಿನ ಮುಂದೆ ಬಂದಾಗ ಬಿರುಸಾಗುತ್ತದೆ. ಶ್ವೈಟ್ಜರ್ ಹೊಸ ಚರ್ಚಿಗೆ ಹೋದಾಗಲೆಲ್ಲ ಕಛೇರಿಗೆ ಮೊದಲು ಗಂಟೆಗಟ್ಟಲೆ ಅಲ್ಲಿನ ಆರ್ಗನ್ ಮುಂದೆ ಕೂರುತ್ತಿದ್ದುದೂ ಸುಮ್ಮನಲ್ಲ.

ಯುದ್ಧ ಮುಗಿದ ಮೇಲೆ ಯುರೋಪಿನ ಊರೂರಲ್ಲಿ ಆರ್ಗನ್ ನುಡಿಸಿ, ಉಪನ್ಯಾಸ ಕೊಟ್ಟು ಸಾಲ ತೀರಿಸಿದರು. 1924ರಲ್ಲಿ ಲಾಂಬರೇನೆಗೆ ಮರಳಿ ಪಾಳುಬಿದ್ದ ಆಸ್ಪತ್ರೆಯನ್ನು ಮತ್ತೆ ಎಬ್ಬಿಸಿದರು. ಆಮೇಲಿನ ಜೀವನವೆಲ್ಲ ಅದೇ ಓಡಾಟ: ಕಾಡಿನಲ್ಲಿ ರೋಗಿಗಳು, ಯುರೋಪಿಗೆ ಬಂದಾಗ ಆರ್ಗನ್, ಅದರ ದುಡ್ಡು ಮತ್ತೆ ಕಾಡಿಗೆ. 1935ರಲ್ಲಿ ಲಂಡನ್ನಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿ, 1936ರಲ್ಲಿ ಸ್ಟ್ರಾಸ್‌ಬರ್ಗ್‌ನ ಸೇಂಟ್ ಒರೇಲಿ ಚರ್ಚಿನಲ್ಲಿ ಅವರು ನುಡಿಸಿದ ಬಾಖ್ ಧ್ವನಿಮುದ್ರಿಕೆಯಾಯಿತು. ಮಗಳು ಅದನ್ನು ಫೋನಿನಲ್ಲಿ ಹುಡುಕಿ ಕೇಳಿಸಿದಳು. ಹಳೆಯ ತಟ್ಟೆಯ ಗೊರಗೊರ ಸದ್ದಿನ ಹಿಂದೆ ಯಾವ ಅವಸರವೂ ಇಲ್ಲದ ನಡೆ. ಇಂದಿನ ಕೆಲವರಿಗೆ ಅದು ತೀರಾ ಭಾರವೆನಿಸುತ್ತದೆ. ಮಗಳಿಗೂ ಹಾಗೇ ಅನಿಸಿತು. ನನಗೂ ಒಂದೆರಡು ಕಡೆ ಸ್ವಲ್ಪ ಮುಂದೆ ಹೋಗಬಾರದೇ ಅನ್ನಿಸಿದ್ದು ನಿಜ.

ಎಲ್ಲ ಜೀವಕ್ಕೂ ಗೌರವ ಎಂಬ ಅವರ ತತ್ತ್ವ 1915ರಲ್ಲಿ ಓಗೊವೆ ನದಿಯ ಪಯಣದಲ್ಲಿ, ನೀರಾನೆಗಳ ಹಿಂಡಿನ ನಡುವೆ ಹೊಳೆದದ್ದು. ಭಾರತೀಯ ಚಿಂತನೆಯ ಮೇಲೆ 1935ರಲ್ಲಿ ಒಂದು ಪುಸ್ತಕ ಬರೆದರು. ನಮ್ಮವರು ಅದನ್ನು ಪೂರ್ತಿ ಒಪ್ಪಲಾರರು. ಆಫ್ರಿಕದವರನ್ನು ತಮ್ಮನಂತೆ ಕಂಡರೇ ಹೊರತು ಸಮನಾಗಿ ಕಾಣಲಿಲ್ಲ ಎಂಬ ಆಕ್ಷೇಪಣೆ ಅವರ ಮೇಲಿದೆ, ಅದರಲ್ಲಿ ಸತ್ಯವಿದೆ. 1952ರ ನೊಬೆಲ್ ಶಾಂತಿ ಪ್ರಶಸ್ತಿಯ ಹಣವನ್ನು ಕುಷ್ಠರೋಗಿಗಳ ವಸತಿಗೆ ಹಾಕಿದರು. 1965ರ ಸೆಪ್ಟೆಂಬರ್ 4ರಂದು, ತೊಂಬತ್ತು ದಾಟಿದ ಮೇಲೆ, ಲಾಂಬರೇನೆಯಲ್ಲೇ ತೀರಿಕೊಂಡರು. ಅಲ್ಲೇ ಮಣ್ಣಾದರು.

ಕಳೆದ ತಿಂಗಳು ಮಹೋತ್ಸವದ ತಾಲೀಮು ನೋಡಲು ಶಾಲೆಗೆ ಹೋಗಿದ್ದೆ. ಹಳೆಯ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದು ಎಷ್ಟೋ ವರ್ಷವಾಯಿತಂತೆ. ಪ್ರಾರ್ಥನೆಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನುಡಿಸುತ್ತಾಳೆ. ಪರದೆಯ ಮೇಲೆ 120 ಎಂಬ ಅಂಕಿ ಮಿನುಗುತ್ತಿತ್ತು. ಇಷ್ಟು ಸಾಕಾ ಸಾರ್, ಇನ್ನೂ ಜಾಸ್ತಿ ಮಾಡಲಾ ಎಂದು ಕೇಳಿದಳು. ಅದನ್ನು ಆರಿಸಿಬಿಡಮ್ಮ, ಮೊದಲು ನೀನು ಹಾಡು, ಹಿಂದಿನ ಸಾಲಿನ ಪುಟ್ಟ ಹುಡುಗಿಗೆ ಉಸಿರು ಎಲ್ಲಿ ಸಾಲುತ್ತದೋ ನೋಡು ಎಂದೆ. ಹಾಡಿದಳು, ಮಕ್ಕಳು ಸೇರಿಕೊಂಡರು, ಆಮೇಲೆ ಕೈ ಇಟ್ಟಳು. ಅಂಕಿ ಎಷ್ಟಕ್ಕೆ ಬಂತೆಂದು ನಾವು ನೋಡಲಿಲ್ಲ.